ಕಾಕ್‌ಪಿಟ್‌ನಲ್ಲಿ ಟ್ಯಾಬ್ಲೆಟ್: ಯಾವುದಕ್ಕೆ ನಂಬಬಹುದು, ಎಲ್ಲಿ ನಂಬಬಾರದು

ಪ್ರಶ್ನೆ: ನಾನು ಕ್ಯಾಲಿಫೋರ್ನಿಯಾದ ಲಿವರ್‌ಮೋರ್ ವಿಮಾನ ನಿಲ್ದಾಣದಲ್ಲಿ ಖಾಸಗಿ ಪೈಲಟ್ ಪರವಾನಗಿಗಾಗಿ ತರಬೇತಿ ಪಡೆಯುತ್ತಿದ್ದೇನೆ. ಕ್ಲಬ್ಬಿನ ಸೆಸ್ನಾ 172 ಹಳೆಯದು. ದಾರಿ ತೋರಿಸಲು ಅದರಲ್ಲಿ ಒಂದು ವಿಒಆರ್ ರಿಸೀವರ್, ಅಂದರೆ ನೆಲದ ರೇಡಿಯೊ ಕೇಂದ್ರಗಳಿಂದ ದಿಕ್ಕು ಹಿಡಿಯುವ ಉಪಕರಣ, ಮಾತ್ರ ಇದೆ. ಮನೆಯಲ್ಲಿದ್ದ ಐಪ್ಯಾಡ್‌ಗೆ ಫೋರ್‌ಫ್ಲೈಟ್ ಎಂಬ ಪೈಲಟ್‌ಗಳ ನಕ್ಷೆಯ ಆ್ಯಪ್ ಹಾಕಿಕೊಂಡಿದ್ದೇನೆ. ಕಾಗದದ ನಕ್ಷೆ, ಪೆನ್ಸಿಲ್ ಬಿಡಬೇಡ ಎಂದು ನನ್ನ ಬೋಧಕರು ಹೇಳುತ್ತಾರೆ. ಅದೆಲ್ಲ ಹಳೆಯ ಕಾಲದ್ದು ಎಂದು ಕ್ಲಬ್ಬಿನ ಉಳಿದವರು ನಗುತ್ತಾರೆ. ಟ್ಯಾಬ್ಲೆಟ್ ಒಂದನ್ನೇ ಇಟ್ಟುಕೊಂಡು ಹಾರುವುದು ಕಾನೂನಿಗೆ ಸಮ್ಮತವೇ? ಅದನ್ನು ಎಷ್ಟು ನಂಬಬಹುದು? ಅದು ತೋರಿಸುವ ಎತ್ತರಕ್ಕೂ ಆಲ್ಟಿಮೀಟರ್ ತೋರಿಸುವ ಎತ್ತರಕ್ಕೂ ಕೆಲವು ದಿನ ನೂರಾರು ಅಡಿ ವ್ಯತ್ಯಾಸ ಬರುವುದು ಏಕೆ? ಬೆಂಗಳೂರಿಗೆ ಬಂದಾಗ ಜಕ್ಕೂರಿನಲ್ಲಿ ಹಾರುವ ಆಸೆಯಿದೆ. ಅಲ್ಲಿಯೂ ಇದೇ ಸಲಕರಣೆ ಉಪಯೋಗಕ್ಕೆ ಬರುತ್ತದೆಯೇ?

ಉತ್ತರ: ನಿಮ್ಮ ಬೋಧಕರೂ ಕ್ಲಬ್ಬಿನ ಗೆಳೆಯರೂ ಎರಡು ಬೇರೆ ಪ್ರಶ್ನೆಗಳಿಗೆ ಉತ್ತರ ಹೇಳುತ್ತಿದ್ದಾರೆ. ಸಲಕರಣೆ ಸರಿಯಾಗಿ ನಡೆಯುತ್ತಿರುವಾಗ ಅದಕ್ಕಿಂತ ಒಳ್ಳೆಯದು ಸಣ್ಣ ವಿಮಾನದ ಪೈಲಟ್‌ಗೆ ಹಿಂದೆಂದೂ ಸಿಕ್ಕಿರಲಿಲ್ಲ ಎಂಬುದು ಗೆಳೆಯರ ಮಾತು, ಮತ್ತು ಅದು ನಿಜ. ಅದು ನಿಂತ ಕ್ಷಣದಲ್ಲಿ ನಿಮ್ಮ ಕೈಯಲ್ಲಿ ಏನು ಉಳಿಯುತ್ತದೆ ಎಂಬುದು ಬೋಧಕರ ಚಿಂತೆ, ಮತ್ತು ಅದೂ ನಿಜ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಟ್ಯಾಬ್ಲೆಟ್ ಖಂಡಿತ ಒಯ್ಯಿರಿ, ಆದರೆ ಅದಕ್ಕೆ ಬೆಂಬಲವಾಗಿ ಇಟ್ಟುಕೊಳ್ಳುವುದು ಬೇರೆ ಜಾತಿಯದಾಗಿರಲಿ. ಒಂದು ಐಪ್ಯಾಡ್‌ಗೆ ಇನ್ನೊಂದು ಐಪ್ಯಾಡ್ ಬೆಂಬಲವಾಗುವುದಿಲ್ಲ. ಏಕೆ ಎಂಬುದನ್ನು ಮುಂದೆ ವಿವರಿಸುತ್ತೇನೆ.

ಕಾನೂನಿನ ವಿಷಯ ಸರಳ. ಅಮೆರಿಕದ ಫೆಡರಲ್ ಏವಿಯೇಷನ್ ಅಡ್ಮಿನಿಸ್ಟ್ರೇಷನ್, ಅಂದರೆ ಎಫ್‌ಎಎ, ಖಾಸಗಿ ಹಾರಾಟಗಳನ್ನು ತನ್ನ ನಿಯಮಾವಳಿಯ 91ನೇ ಭಾಗದಲ್ಲಿ ಇಟ್ಟಿದೆ. ವಿಮಾನಯಾನ ಕಂಪನಿಗಳು ಟ್ಯಾಬ್ಲೆಟ್ ಬಳಸಬೇಕಾದರೆ ಅನುಮತಿಯ ದೊಡ್ಡ ಪ್ರಕ್ರಿಯೆಯನ್ನೇ ದಾಟಬೇಕು. ನಿಮ್ಮಂಥ ಖಾಸಗಿ ಪೈಲಟ್‌ಗೆ ಅಂಥ ಅನುಮತಿ ಬೇಕಿಲ್ಲ. 91-78ಎ ಎಂಬ ಸಲಹಾ ಸುತ್ತೋಲೆ ಇದನ್ನು ಸ್ಪಷ್ಟವಾಗಿ ವಿವರಿಸುತ್ತದೆ. ಕಣ್ಣಿಗೆ ಕಾಣುವುದನ್ನು ಆಧರಿಸಿ ಹಾರುವ ಸಣ್ಣ ವಿಮಾನದಲ್ಲಿ ಕಾಗದದ ನಕ್ಷೆ ಇರಲೇಬೇಕೆಂದು ಹೇಳುವ ನಿಯಮವೂ ಇಲ್ಲ. ಆದರೆ 91.103ನೇ ನಿಯಮ ಹಾರಾಟಕ್ಕೆ ಸಂಬಂಧಿಸಿ ಲಭ್ಯವಿರುವ ಎಲ್ಲ ಮಾಹಿತಿಯನ್ನೂ ಹೊರಡುವ ಮೊದಲೇ ತಿಳಿದುಕೊಂಡಿರಬೇಕಾದ ಹೊಣೆಯನ್ನು ಪೈಲಟ್‌ನ ಮೇಲೆ ಹೊರಿಸುತ್ತದೆ. ಹಳೆಯ ನಕ್ಷೆ ಇಟ್ಟುಕೊಂಡು ನಿರ್ಬಂಧಿತ ವಾಯುಪ್ರದೇಶಕ್ಕೆ ನುಗ್ಗಿದವರು ಈ ನಿಯಮಕ್ಕೇ ಉತ್ತರ ಹೇಳಬೇಕಾಗುತ್ತದೆ. ಮುಂದೆ ನೀವು ಮೋಡದೊಳಗೆ ಹಾರುವ ಉಪಕರಣ ಪರವಾನಗಿ ಪಡೆದರೂ ಐಪ್ಯಾಡ್‌ನ ಜಿಪಿಎಸ್‌ಅನ್ನು ಮುಖ್ಯ ಮಾರ್ಗದರ್ಶಕವಾಗಿ ಬಳಸುವಂತಿಲ್ಲ. ಅದಕ್ಕೆ ವಿಮಾನದಲ್ಲೇ ಅಳವಡಿಸಿದ, ಪ್ರಮಾಣಿತ ಉಪಕರಣ ಬೇಕು.

ಇನ್ನು ನಿಮ್ಮ ಮನೆಯ ಐಪ್ಯಾಡ್. ಅದು ವೈ-ಫೈ ಮಾತ್ರ ಇರುವ ಮಾದರಿಯೋ, ಸಿಮ್ ಸೌಲಭ್ಯ ಇರುವ ಮಾದರಿಯೋ ಎಂಬುದನ್ನು ಮೊದಲು ನೋಡಿಕೊಳ್ಳಿ. ವೈ-ಫೈ ಮಾದರಿಯಲ್ಲಿ ಜಿಪಿಎಸ್ ಚಿಪ್ಪೇ ಇರುವುದಿಲ್ಲ. ಊರಿನೊಳಗೆ ಅದು ಸುತ್ತಲಿನ ವೈ-ಫೈ ಜಾಲಗಳನ್ನು ಆಧರಿಸಿ ಜಾಗವನ್ನು ಅಂದಾಜು ಮಾಡುವುದರಿಂದ ಎಲ್ಲ ಸರಿಯಿದೆ ಎಂಬ ಭ್ರಮೆ ಹುಟ್ಟುತ್ತದೆ. ಮೇಲೇರಿದ ಮೇಲೆ ಸ್ಥಾನದ ಗುರುತು ನಿಂತಲ್ಲೇ ನಿಲ್ಲುತ್ತದೆ ಅಥವಾ ಮಾಯವಾಗುತ್ತದೆ. ಸಿಮ್ ಮಾದರಿಯಲ್ಲಿ ಚಿಪ್ ಇರುತ್ತದೆ, ಮತ್ತು ಅದು ಕೆಲಸ ಮಾಡಲು ಮೊಬೈಲ್ ಕಂಪನಿಯ ಚಂದಾ ಬೇಕಿಲ್ಲ. ನಿಮ್ಮದು ವೈ-ಫೈ ಮಾದರಿಯಾಗಿದ್ದರೆ ಹೊಸದನ್ನು ಕೊಳ್ಳುವ ಬದಲು ಸ್ಟ್ರಾಟಸ್, ಸೆಂಟ್ರಿ ಮೊದಲಾದ ಹೊರಗಿನ ರಿಸೀವರ್‌ಗಳಲ್ಲಿ ಒಂದನ್ನು ಕೊಳ್ಳುವುದು ಲೇಸು. ಅವು ಜಿಪಿಎಸ್ ಸ್ಥಾನದ ಜೊತೆಗೆ ಹವಾಮಾನವನ್ನೂ ಸುತ್ತಲಿನ ವಿಮಾನಗಳನ್ನೂ ತೋರಿಸುತ್ತವೆ. ಗಾತ್ರದ ಬಗ್ಗೆ ಕೇಳಿದರೆ, 172ರ ಇಕ್ಕಟ್ಟಿನಲ್ಲಿ ಐಪ್ಯಾಡ್ ಮಿನಿಯಷ್ಟು ಹೊಂದಿಕೊಳ್ಳುವುದು ಬೇರೊಂದಿಲ್ಲ ಎಂಬುದು ನನ್ನ ಪಕ್ಷಪಾತ. ದೊಡ್ಡ ಪರದೆ ಮನೆಯ ಮೇಜಿನ ಮೇಲೆ ಚೆಂದ. ವಿಮಾನದಲ್ಲಿ ಅದು ಅರ್ಧ ಫಲಕವನ್ನೇ ಮುಚ್ಚುತ್ತದೆ.

ಎಲ್ಲಿ ಕೂರಿಸುತ್ತೀರಿ ಎಂಬುದು ಯಾವ ಮಾದರಿ ಎಂಬುದಕ್ಕಿಂತ ದೊಡ್ಡ ವಿಷಯ. ಸ್ಟೀರಿಂಗ್ ಯೋಕ್‌ಗೆ ಬಿಗಿಯುವ ಹಿಡಿಕೆ, ಗಾಜಿಗೆ ಅಂಟಿಕೊಳ್ಳುವ ಹಿಡಿಕೆ, ತೊಡೆಗೆ ಕಟ್ಟುವ ಪಟ್ಟಿ, ಮೂರೂ ಬಳಕೆಯಲ್ಲಿವೆ. ಯಾವುದನ್ನೇ ಆರಿಸಿಕೊಂಡರೂ ಎಂಜಿನ್ ಚಾಲೂ ಮಾಡುವ ಮೊದಲು, ಟ್ಯಾಬ್ಲೆಟ್ ಅದರ ಜಾಗದಲ್ಲಿದ್ದಾಗಲೇ, ಯೋಕ್ ಅನ್ನು ಪೂರ್ತಿ ಹಿಂದಕ್ಕೆ ಎಳೆದು ಎಡಕ್ಕೂ ಬಲಕ್ಕೂ ಕೊನೆಯವರೆಗೆ ತಿರುಗಿಸಿ ನೋಡಿ. ತೊಡೆಯ ಮೇಲಿನ ಟ್ಯಾಬ್ಲೆಟ್‌ನ ಮೂಲೆ ಯೋಕ್‌ಗೆ ತಾಗುವುದು ಆ ಕೊನೆಯ ಒಂದೆರಡು ಅಂಗುಲದಲ್ಲೇ, ಮತ್ತು ಆ ಒಂದೆರಡು ಅಂಗುಲ ನಿಮಗೆ ಬೇಕಾಗುವುದು ನೆಲ ಮುಟ್ಟುವ ಹೊತ್ತಿನಲ್ಲಿ. ಸೀಟಿನ ಪಕ್ಕಕ್ಕೆ ಸುಮ್ಮನೆ ಸಿಕ್ಕಿಸಿಡುವ ಅಭ್ಯಾಸವನ್ನಂತೂ ಮಾಡಿಕೊಳ್ಳಲೇಬೇಡಿ. 2014ರ ಫೆಬ್ರವರಿಯಲ್ಲಿ ಬ್ರಿಟನ್ನಿನ ರಾಯಲ್ ಏರ್ ಫೋರ್ಸ್‌ನ ವಾಯೇಜರ್ ಎಂಬ ದೊಡ್ಡ ವಿಮಾನ ಹಠಾತ್ತನೆ 4,400 ಅಡಿ ಕೆಳಗೆ ಧುಮುಕಿತು. ನಾಯಕನ ಕ್ಯಾಮೆರಾ ಸೀಟಿನ ಕೈಯಾಸರೆ ಮತ್ತು ನಿಯಂತ್ರಣ ದಂಡದ ನಡುವೆ ಸಿಕ್ಕಿಕೊಂಡು, ಸೀಟನ್ನು ಮುಂದಕ್ಕೆ ಸರಿಸಿದಾಗ ದಂಡವನ್ನು ಒತ್ತಿತ್ತು. ಅಲ್ಲಿ ಕ್ಯಾಮೆರಾ ಮಾಡಿದ ಕೆಲಸವನ್ನು ಇಲ್ಲಿ ಟ್ಯಾಬ್ಲೆಟ್ ಮಾಡಬಲ್ಲದು.

ಇದರ ಜೊತೆ ಹೊಸಬರ ಗಮನಕ್ಕೆ ಬಾರದ ಎರಡು ಸೂಕ್ಷ್ಮಗಳಿವೆ. ಐಪ್ಯಾಡ್‌ನ ಮುಚ್ಚಳದಲ್ಲಿ, ಅದರ ದೇಹದಲ್ಲಿ, ಹಲವು ಹಿಡಿಕೆಗಳಲ್ಲಿ ಅಯಸ್ಕಾಂತಗಳಿರುತ್ತವೆ. ಗಾಜಿನ ನಡುವೆ ತೂಗುವ ದಿಕ್ಸೂಚಿಯ ಬಳಿ ಅವುಗಳನ್ನು ತಂದರೆ ಮುಳ್ಳು ಓಲುತ್ತದೆ. ಆ ದಿಕ್ಸೂಚಿಯನ್ನು ನೋಡಿ ನೀವು ಹೊಂದಿಸುವ ಗೈರೋ ದಿಕ್ಸೂಚಕವೂ ಅಷ್ಟೇ ತಪ್ಪುತ್ತದೆ. ನಿಂತ ವಿಮಾನದಲ್ಲಿ ಟ್ಯಾಬ್ಲೆಟ್‌ಅನ್ನು ಒಮ್ಮೆ ಹತ್ತಿರ ತಂದು, ಒಮ್ಮೆ ದೂರ ಒಯ್ದು ಮುಳ್ಳನ್ನು ಗಮನಿಸಿ, ನಿಮಗೇ ತಿಳಿಯುತ್ತದೆ. ಎರಡನೆಯದು, ಸಿಗರೇಟ್ ಲೈಟರ್ ಕಿಂಡಿಗೆ ಹಾಕುವ ಅಗ್ಗದ ಚಾರ್ಜರ್. ಇಂಥವುಗಳಲ್ಲಿ ಕೆಲವು 108ರಿಂದ 137 ಮೆಗಾಹರ್ಟ್ಸ್‌ವರೆಗಿನ ರೇಡಿಯೊ ಪಟ್ಟಿಯಲ್ಲಿ ಗದ್ದಲ ಎಬ್ಬಿಸುತ್ತವೆ. ನಿಮ್ಮ ವಿಒಆರ್ ಮತ್ತು ಟವರ್ ಜೊತೆಗಿನ ಮಾತುಕತೆ ಎರಡೂ ಆ ಪಟ್ಟಿಯಲ್ಲೇ ನಡೆಯುತ್ತವೆ. ರೇಡಿಯೊದಲ್ಲಿ ಕರಕರ ಕೇಳಿಸಿದರೆ ಮೊದಲು ಚಾರ್ಜರ್ ಕಿತ್ತು ನೋಡಿ.

ಈಗ ಟ್ಯಾಬ್ಲೆಟ್ ನಿಲ್ಲುವ ಕಾರಣಗಳಿಗೆ ಬರೋಣ. ನೀವಿರುವ ಕಡೆ ಮೊದಲನೆಯ ಶತ್ರು ಬಿಸಿಲು. ಐಪ್ಯಾಡ್ 0ರಿಂದ 35 ಡಿಗ್ರಿ ಸೆಲ್ಸಿಯಸ್‌ವರೆಗಿನ ವಾತಾವರಣದಲ್ಲಿ ಬಳಸಲೆಂದು ಮಾಡಿದ ಯಂತ್ರ. ಜುಲೈ ತಿಂಗಳಲ್ಲಿ ಫ್ರೆಸ್ನೊ ಕಡೆ ಹೊರಗಿನ ಉಷ್ಣತೆಯೇ 40 ದಾಟುತ್ತದೆ. ಬಿಸಿಲಿನಲ್ಲಿ ನಿಂತ ವಿಮಾನದೊಳಗೆ ಅದಕ್ಕಿಂತ ಬಹಳ ಹೆಚ್ಚು. ಯೋಕ್‌ಗೆ ಕಟ್ಟಿದ ಟ್ಯಾಬ್ಲೆಟ್‌ನ ಮೇಲೆ ಸೂರ್ಯ ನೇರವಾಗಿ ಬೀಳುತ್ತಾನೆ, ಬೆಳಕಿನಲ್ಲಿ ಕಾಣಲೆಂದು ನೀವು ಪರದೆಯ ಹೊಳಪನ್ನು ಪೂರ್ತಿ ಏರಿಸಿರುತ್ತೀರಿ, ಬ್ಯಾಟರಿ ಇಳಿಯದಿರಲೆಂದು ಚಾರ್ಜರ್ ಸಿಕ್ಕಿಸಿರುತ್ತೀರಿ, ಬೀಳದಿರಲೆಂದು ದಪ್ಪ ಕವಚ ತೊಡಿಸಿರುತ್ತೀರಿ. ಈ ನಾಲ್ಕೂ ಸೇರಿ ಅದನ್ನು ಒಲೆಯ ಮೇಲಿಟ್ಟಂತೆ ಆಗುತ್ತದೆ. ಮೊದಲು ಪರದೆ ತಾನಾಗಿ ಮಂಕಾಗುತ್ತದೆ, ಆಮೇಲೆ ಚಾರ್ಜ್ ಆಗುವುದು ನಿಲ್ಲುತ್ತದೆ, ಕೊನೆಗೆ ನಕ್ಷೆ ಮಾಯವಾಗಿ ತಣ್ಣಗಾಗುವವರೆಗೆ ಬಳಸಲಾಗದು ಎಂಬ ಎಚ್ಚರಿಕೆಯೊಂದೇ ಉಳಿಯುತ್ತದೆ. ಹೀಗಾಗಿ ಪರದೆ ಕಾರಣವಿಲ್ಲದೆ ಮಂಕಾಯಿತೆಂದರೆ ಅದನ್ನು ಸೂಚನೆಯೆಂದು ತಿಳಿದು, ಚಾರ್ಜರ್ ಕಿತ್ತು, ಕವಚ ತೆಗೆದು, ಗಾಳಿ ಕಿಂಡಿಯ ಎದುರು ನೆರಳಿನಲ್ಲಿ ಹಿಡಿಯಿರಿ. ಕವಚವಿಲ್ಲದೆ, ಗಾಳಿ ಕಿಂಡಿಯ ಸನಿಹದಲ್ಲಿ ಕೂರಿಸುವುದು ಶುರುವಿನಿಂದಲೇ ಒಳ್ಳೆಯದು. ಬಿಸಿಯಾದ ಟ್ಯಾಬ್ಲೆಟ್‌ಅನ್ನು ಐಸ್ ಡಬ್ಬಿಯಲ್ಲಿಡುವ ಜಾಣತನ ಬೇಡ. ಒಳಗೆ ನೀರಿನ ಪಸೆ ಕಟ್ಟುತ್ತದೆ. ಧ್ರುವೀಕೃತ ತಂಪು ಕನ್ನಡಕ ಹಾಕಿಕೊಂಡರೆ ಕೆಲವು ಪರದೆಗಳು ಒಂದು ಕೋನದಲ್ಲಿ ಕಪ್ಪಾಗಿ ಕಾಣುತ್ತವೆ ಎಂಬುದೂ ನೆನಪಿರಲಿ; ಎಷ್ಟೋ ಜನ ಟ್ಯಾಬ್ಲೆಟ್ ಕೆಟ್ಟಿತೆಂದು ಗಾಬರಿಯಾಗುವುದು ಕನ್ನಡಕದ ದೆಸೆಯಿಂದ.

ಹಾಗಾದರೆ ಇನ್ನೊಂದು ಟ್ಯಾಬ್ಲೆಟ್ ಇಟ್ಟುಕೊಂಡರಾಯಿತಲ್ಲ ಎಂದು ನೀವು ಕೇಳಬಹುದು. 2015ರ ಏಪ್ರಿಲ್‌ನಲ್ಲಿ ಅಮೆರಿಕನ್ ಏರ್‌ಲೈನ್ಸ್‌ಗೆ ಆದದ್ದನ್ನು ನೋಡಿ. ಆ ಕಂಪನಿ ಪೈಲಟ್‌ಗಳು ಹೊರುತ್ತಿದ್ದ ಸುಮಾರು 16 ಕಿಲೋ ತೂಕದ ಕಾಗದದ ಚೀಲಗಳನ್ನು 2013ರ ಹೊತ್ತಿಗೆ ಬಿಡಿಸಿ ಕೈಗೆ ಐಪ್ಯಾಡ್ ಕೊಟ್ಟಿತ್ತು. ವಾಷಿಂಗ್ಟನ್ನಿನ ರೇಗನ್ ನಿಲ್ದಾಣದ ಒಂದು ನಕ್ಷೆ ದತ್ತಾಂಶದಲ್ಲಿ ಎರಡು ಸಲ ಸೇರಿಹೋಗಿತ್ತು. ಅಷ್ಟಕ್ಕೇ ನಕ್ಷೆಯ ಆ್ಯಪ್ ಕುಸಿದು ಹತ್ತಾರು ವಿಮಾನಗಳು ಹೊರಡಲಾಗದೆ ನಿಂತವು. ಆ್ಯಪ್ ಅಳಿಸಿ ಮತ್ತೆ ಹಾಕಿಕೊಳ್ಳುವುದೇ ಪರಿಹಾರವಾಯಿತು. ಅದೇ ಆ್ಯಪ್, ಅದೇ ದತ್ತಾಂಶ ಇದ್ದುದರಿಂದ ಪಕ್ಕದ ಸೀಟಿನ ಐಪ್ಯಾಡ್ ಇದ್ದೂ ಇಲ್ಲದಂತಾಗಿತ್ತು. ಬಿಸಿಲಿಗೂ ಇದೇ ತರ್ಕ ಸಲ್ಲುತ್ತದೆ: ಒಂದನ್ನು ಮಲಗಿಸಿದ ಬಿಸಿಲು ಪಕ್ಕದಲ್ಲಿಟ್ಟ ಇನ್ನೊಂದನ್ನೂ ಮಲಗಿಸುತ್ತದೆ.

ಜಿಪಿಎಸ್ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ಉಪಗ್ರಹದ ಸಂಕೇತ ಬಹಳ ದುರ್ಬಲವಾದದ್ದು. ಅದಕ್ಕೆ ಅಡ್ಡಿಯಾದರೆ ಐಪ್ಯಾಡ್, ಫೋನ್, ಹೊರಗಿನ ರಿಸೀವರ್ ಎಲ್ಲವೂ ಒಟ್ಟಿಗೆ ದಾರಿ ತಪ್ಪುತ್ತವೆ. 2022ರ ಜನವರಿಯಲ್ಲಿ ಡೆನ್ವರ್ ಸುತ್ತ, ಅದೇ ವರ್ಷ ಅಕ್ಟೋಬರ್‌ನಲ್ಲಿ ಡಲ್ಲಾಸ್-ಫೋರ್ಟ್ ವರ್ತ್ ಸುತ್ತ ಹೀಗಾಗಿ, ದೊಡ್ಡ ವಿಮಾನಗಳೂ ಹಳೆಯ ಮಾರ್ಗಸೂಚಿಗಳನ್ನು ಅವಲಂಬಿಸಬೇಕಾಯಿತು. ನಿಮ್ಮ ರಾಜ್ಯದಲ್ಲೇ ಚೈನಾ ಲೇಕ್ ಎಂಬ ಸೇನಾ ಪ್ರದೇಶದಲ್ಲಿ ಜಿಪಿಎಸ್ ಅಡ್ಡಿಯ ಪರೀಕ್ಷೆಗಳು ನಡೆಯುತ್ತವೆ. ಅವುಗಳ ಮುನ್ಸೂಚನೆ ನೋಟಮ್‌ಗಳಲ್ಲಿ, ಅಂದರೆ ಪೈಲಟ್‌ಗಳಿಗಾಗಿ ಹೊರಡಿಸುವ ಸೂಚನೆಗಳಲ್ಲಿ, ಪ್ರಕಟವಾಗುತ್ತದೆ, ಮತ್ತು ಎತ್ತರ ಹೆಚ್ಚಿದಂತೆ ಬಾಧಿತ ವಲಯ ಅಗಲವಾಗುತ್ತದೆ. ನಿಮ್ಮ ವಿಮಾನದ ಹಳೆಯ ವಿಒಆರ್ ರಿಸೀವರ್‌ಗೆ ಉಪಗ್ರಹದ ಹಂಗಿಲ್ಲ. ಇಂಥ ದಿನಕ್ಕೆಂದೇ ಎಫ್‌ಎಎ ವಿಒಆರ್ ಕೇಂದ್ರಗಳ ಸಂಖ್ಯೆಯನ್ನು ಇಳಿಸಿದರೂ ಒಂದು ಕನಿಷ್ಠ ಜಾಲವನ್ನು ಉಳಿಸಿಕೊಂಡಿದೆ. ಕಾಗದಕ್ಕೆ ಬಿಸಿಲಿಲ್ಲ, ಬ್ಯಾಟರಿಯಿಲ್ಲ. ನಿಮ್ಮ ಪ್ರದೇಶದ ವಾಯು ಸಂಚಾರ ನಿಯಂತ್ರಕರಾದ ನಾರ್‌ಕಾಲ್ ಅಪ್ರೋಚ್‌ನವರನ್ನು ರೇಡಿಯೊದಲ್ಲಿ ಕರೆದು ರೇಡಾರ್ ನಿಗಾ ಕೇಳಿದರೆ ನೆಲದ ಮೇಲೆ ಇನ್ನೊಂದು ಜೊತೆ ಕಣ್ಣು ಸಿಗುತ್ತದೆ. ಬೇರೆ ಜಾತಿಯ ಆಧಾರ ಎಂದು ನಾನು ಕರೆದದ್ದು ಇವುಗಳನ್ನು. ಫೋನ್‌ನಲ್ಲಿ ಬೇರೆ ಕಂಪನಿಯ ಉಚಿತ ಆ್ಯಪ್ ಒಂದನ್ನು, ಉದಾಹರಣೆಗೆ ಫ್ಲ್ಟ್‌ಪ್ಲಾನ್ ಗೋ, ಹಾಕಿಕೊಳ್ಳುವುದು ಒಳ್ಳೆಯದೇ. ಆ್ಯಪ್ ಕುಸಿದರೆ ಅದು ಕೈಹಿಡಿಯುತ್ತದೆ, ಜಿಪಿಎಸ್ ಹೋದರೆ ಹಿಡಿಯುವುದಿಲ್ಲ.

ಎತ್ತರದ ಬಗ್ಗೆ ನೀವು ಕೇಳಿದ್ದು ಒಳ್ಳೆಯ ಪ್ರಶ್ನೆ, ಏಕೆಂದರೆ ಇಲ್ಲಿ ಟ್ಯಾಬ್ಲೆಟ್ ಸರಿಯಾಗಿ ಕೆಲಸ ಮಾಡುತ್ತಿರುವಾಗಲೇ ದಾರಿ ತಪ್ಪಿಸುತ್ತದೆ. ಆಲ್ಟಿಮೀಟರ್ ಅಳೆಯುವುದು ಗಾಳಿಯ ಒತ್ತಡವನ್ನು, ಮತ್ತು ಆ ಒತ್ತಡವನ್ನು ಅದು ಒಂದು ಪ್ರಮಾಣಿತ ವಾತಾವರಣವನ್ನು ಊಹಿಸಿಕೊಂಡು ಅಡಿಗಳಿಗೆ ತಿರುಗಿಸುತ್ತದೆ. ಜಿಪಿಎಸ್ ಅಳೆಯುವುದು ಜ್ಯಾಮಿತೀಯ ಎತ್ತರವನ್ನು. ಪ್ರಮಾಣಿತ ವಾತಾವರಣದಲ್ಲಿ 5,500 ಅಡಿಯಲ್ಲಿ ಸುಮಾರು 4 ಡಿಗ್ರಿ ಸೆಲ್ಸಿಯಸ್ ಇರಬೇಕು. ಬೇಸಿಗೆಯ ಒಂದು ಮಧ್ಯಾಹ್ನ ಅಲ್ಲಿ ನಿಮ್ಮ ಉಷ್ಣಮಾಪಕ 24 ತೋರಿಸಿತೆಂದರೆ ಗಾಳಿ 20 ಡಿಗ್ರಿ ಹೆಚ್ಚು ಬಿಸಿಯಾಗಿದೆ, ಅಂದರೆ ಹಿಗ್ಗಿದೆ. ಪ್ರತಿ 10 ಡಿಗ್ರಿಗೆ ಎತ್ತರದ ಸುಮಾರು ಶೇ 4ರಷ್ಟು ವ್ಯತ್ಯಾಸ ಎಂಬ ಲೆಕ್ಕ ಹಿಡಿದರೆ ನೀವು ನಿಜವಾಗಿ 440 ಅಡಿಯಷ್ಟು ಮೇಲಿದ್ದೀರಿ. ಆಲ್ಟಿಮೀಟರ್ 5,500 ಎನ್ನುತ್ತದೆ, ಟ್ಯಾಬ್ಲೆಟ್ 5,900ಕ್ಕಿಂತ ಹೆಚ್ಚು ಎನ್ನುತ್ತದೆ, ಎರಡೂ ಸುಳ್ಳು ಹೇಳುತ್ತಿಲ್ಲ. ಆದರೆ ನೀವು ಹಾರಬೇಕಾದದ್ದು ಆಲ್ಟಿಮೀಟರ್ ನೋಡಿಯೇ. ಎದುರಿನಿಂದ ಬರುವ ವಿಮಾನವೂ ಅದೇ ಬಿಸಿ ಗಾಳಿಯಲ್ಲಿ ಅದೇ ಬಗೆಯ ಆಲ್ಟಿಮೀಟರ್ ನೋಡಿಕೊಂಡು ಹಾರುತ್ತಿರುತ್ತದೆ. ಎಲ್ಲರ ತಪ್ಪೂ ಒಂದೇ ಆದ್ದರಿಂದ ನಡುವಿನ ಅಂತರ ಉಳಿಯುತ್ತದೆ. ಒಬ್ಬರು ಮಾತ್ರ ಟ್ಯಾಬ್ಲೆಟ್ ನೋಡಿ ಎತ್ತರ ತಿದ್ದಿಕೊಂಡರೆ ಆ ಅಂತರ ಕೆಡುತ್ತದೆ. ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ, ಅನುಮತಿಯಿಲ್ಲದೆ ಒಳಹೋಗಬಾರದ ಕ್ಲಾಸ್ ಬಿ ವಾಯುಪ್ರದೇಶದ ಮೆಟ್ಟಿಲು ಮೆಟ್ಟಿಲಾದ ತಳಗಳ ಕೆಳಗೆ ನುಸುಳುವಾಗಲೂ ಇದೇ ಮಾತು. ಚಳಿಯಲ್ಲಿ ವ್ಯತ್ಯಾಸ ತಿರುಗುಮುರುಗಾಗುತ್ತದೆ: ಆಲ್ಟಿಮೀಟರ್ ತೋರಿಸುವುದಕ್ಕಿಂತ ನೀವು ಕೆಳಗಿರುತ್ತೀರಿ. ಬೆಟ್ಟಗಳ ನಡುವೆ ಟ್ಯಾಬ್ಲೆಟ್‌ನ ಎತ್ತರಕ್ಕೆ ಒಂದು ಬೆಲೆಯಿದ್ದರೆ ಅದು ಆಗ.

ವೇಗದ ವಿಷಯ ಇದಕ್ಕಿಂತ ಅಪಾಯಕರ, ಆದರೆ ಹೇಳುವುದು ಕಡಿಮೆ ಇದೆ. ಟ್ಯಾಬ್ಲೆಟ್ ತೋರಿಸುವುದು ನೆಲದ ಮೇಲಿನ ವೇಗ. ರೆಕ್ಕೆಗೆ ಗೊತ್ತಿರುವುದು ಗಾಳಿಯಲ್ಲಿನ ವೇಗ ಮಾತ್ರ. ಇಳಿಯುವ ಸುತ್ತಿನಲ್ಲಿ ಹಿಂಗಾಳಿ ಇದ್ದಾಗ ಪರದೆಯ ಅಂಕಿ ನೋಡಿ ವೇಗ ಹೆಚ್ಚಾಯಿತೆಂದು ಮೂಗು ಎತ್ತಿದವರು ಸ್ಟಾಲ್ ಅಂಚಿಗೆ, ಅಂದರೆ ರೆಕ್ಕೆ ವಿಮಾನವನ್ನು ಹೊರಲಾರದ ಸ್ಥಿತಿಯ ಅಂಚಿಗೆ, ಹೋಗುತ್ತಾರೆ. ನಿಲ್ದಾಣ ಕಣ್ಣಿಗೆ ಬಿದ್ದ ಮೇಲೆ ಟ್ಯಾಬ್ಲೆಟ್ ಕಡೆ ನೋಡುವ ಕೆಲಸವೇ ಇಲ್ಲ.

ಹವಾಮಾನದ ಚಿತ್ರಕ್ಕೆ ಬಂದರೆ, ಹೊರಗಿನ ರಿಸೀವರ್ 978 ಮೆಗಾಹರ್ಟ್ಸ್‌ನಲ್ಲಿ ನೆಲದ ಕೇಂದ್ರಗಳಿಂದ ಉಚಿತವಾಗಿ ಬರುವ ಮಾಹಿತಿಯನ್ನು ಹಿಡಿದು ಮಳೆಯ ರೇಡಾರ್ ಚಿತ್ರವನ್ನು ನಕ್ಷೆಯ ಮೇಲೆ ಹರಡುತ್ತದೆ. ನೋಡಲು ಅದು ಈ ಕ್ಷಣದ ಚಿತ್ರದಂತಿರುತ್ತದೆ, ವಾಸ್ತವವಾಗಿ ಹಳೆಯದು. ಚಿತ್ರದ ಮೂಲೆಯಲ್ಲಿ ಬರೆದ ನಿಮಿಷಗಳು ಆ ಜೋಡಿಸಿದ ಚಿತ್ರ ತಯಾರಾದ ಹೊತ್ತನ್ನು ಹೇಳುತ್ತವೆಯೇ ಹೊರತು ಒಳಗಿನ ರೇಡಾರ್ ದತ್ತಾಂಶದ ವಯಸ್ಸನ್ನಲ್ಲ. ಕೆಲವು ಸಂದರ್ಭಗಳಲ್ಲಿ ನಿಜವಾದ ವಯಸ್ಸು ಬರೆದದ್ದಕ್ಕಿಂತ 15ರಿಂದ 20 ನಿಮಿಷ ಹೆಚ್ಚಿರಬಹುದೆಂದು ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ 2012ರಲ್ಲೇ ಎಚ್ಚರಿಸಿದೆ. 30 ನಾಟ್ ವೇಗದಲ್ಲಿ ಸರಿಯುವ ಗುಡುಗು ಮೋಡ 20 ನಿಮಿಷದಲ್ಲಿ 10 ನಾಟಿಕಲ್ ಮೈಲಿ ಸರಿದಿರುತ್ತದೆ. ಬೇಸಿಗೆಯ ಮಧ್ಯಾಹ್ನ ಸಿಯೆರ್ರಾ ಬೆಟ್ಟಗಳ ಮೇಲೆ ಮೋಡಗಳು ಇಷ್ಟು ಹೊತ್ತಿನಲ್ಲಿ ಸರಿಯುವುದಷ್ಟೇ ಅಲ್ಲ, ಹೊಸದಾಗಿ ಹುಟ್ಟಿಯೂ ಬಿಡುತ್ತವೆ. ಆದ್ದರಿಂದ ಪರದೆಯ ಮೇಲೆ ಎರಡು ಕೆಂಪು ಮಚ್ಚೆಗಳ ನಡುವೆ ಕಾಣುವ ಕಿಂಡಿಯಲ್ಲಿ ನುಸುಳುವ ಯೋಚನೆಯನ್ನೇ ಮಾಡಬೇಡಿ. ಆ ಚಿತ್ರ ಇರುವುದು ಇಡೀ ಮೋಡದ ಸಾಲಿನಿಂದ ದೂರ ಉಳಿಯುವ ನಿರ್ಧಾರಕ್ಕಾಗಿ. ಚಳಿಗಾಲದಲ್ಲಿ ಸೆಂಟ್ರಲ್ ವ್ಯಾಲಿಯಲ್ಲಿ ಕವಿಯುವ ಟೂಲೆ ಮಂಜಿಗೂ ಇದೇ ಎಚ್ಚರ ಬೇಕು. ನಿಲ್ದಾಣದ ಹವಾವರದಿ ಸಾಮಾನ್ಯವಾಗಿ ಗಂಟೆಗೊಮ್ಮೆ ಬರುತ್ತದೆ. ನಿಲ್ದಾಣದಲ್ಲಿ ಹವೆ ಚೆನ್ನಾಗಿದೆ ಎನ್ನುವ, ನಕ್ಷೆಯ ಮೇಲಿನ ಹಸಿರು ಚುಕ್ಕೆ 50 ನಿಮಿಷದ ಹಿಂದಿನದಾಗಿರಬಹುದು. ಚುಕ್ಕೆಯ ಬಣ್ಣವನ್ನು ನೋಡುವ ಮೊದಲು ಅದರ ಸಮಯವನ್ನು ಓದಿ, ಉಷ್ಣತೆ ಮತ್ತು ಇಬ್ಬನಿ ಬಿಂದು ಎಷ್ಟು ಹತ್ತಿರವಿವೆ ಎಂಬುದನ್ನೂ ಓದಿ.

ಸುತ್ತಲಿನ ವಿಮಾನಗಳ ವಿಷಯದಲ್ಲಿ ನಿಮಗೊಂದು ಅನುಕೂಲವಿದೆ. ಲಿವರ್‌ಮೋರ್ ಸ್ಯಾನ್ ಫ್ರಾನ್ಸಿಸ್ಕೊ ನಿಲ್ದಾಣದ 30 ನಾಟಿಕಲ್ ಮೈಲಿ ವರ್ತುಲದೊಳಗೆ ಬರುವುದರಿಂದ 2020ರ ಜನವರಿಯಿಂದ ನಿಮ್ಮ ಕ್ಲಬ್ಬಿನ ವಿಮಾನದಲ್ಲಿ ಎಡಿಎಸ್-ಬಿ ಔಟ್, ಅಂದರೆ ವಿಮಾನದ ಸ್ಥಾನವನ್ನು ತಾನಾಗಿ ಪ್ರಸಾರ ಮಾಡುವ ಉಪಕರಣ, ಇರಲೇಬೇಕು. ಅದು ಇರುವ ವಿಮಾನದ ಸುತ್ತಲಿನ ರೇಡಾರ್ ಮಾಹಿತಿಯನ್ನು ನೆಲದ ಕೇಂದ್ರಗಳು ಪ್ರಸಾರ ಮಾಡುತ್ತವೆ. ಹೀಗಾಗಿ ನಿಮ್ಮ ಪರದೆಯ ಚಿತ್ರ ಸಾಕಷ್ಟು ತುಂಬಿರುತ್ತದೆ. ಆದರೂ ಆ ವರ್ತುಲದ ಆಚೆ, ಕಣಿವೆಯಲ್ಲಿ ತೀರ ಕೆಳಗೆ ಹಾರುವ ಔಷಧಿ ಸಿಂಪಡಿಸುವ ವಿಮಾನದಲ್ಲಿ ಅಂಥ ಉಪಕರಣ ಇಲ್ಲದಿರಬಹುದು, ಗ್ಲೈಡರ್‌ನಲ್ಲೂ ಇಲ್ಲದಿರಬಹುದು. ಪರದೆ ಖಾಲಿ ಇದೆಯೆಂದರೆ ಆಕಾಶ ಖಾಲಿ ಇದೆಯೆಂದು ಅರ್ಥವಲ್ಲ.

ಮಾರ್ಗ ಹಾಕುವುದರಲ್ಲಿ ಟ್ಯಾಬ್ಲೆಟ್ ಹೇಗೆ ಯೋಚನೆಯನ್ನೇ ಮೊಂಡು ಮಾಡುತ್ತದೆ ಎಂಬುದಕ್ಕೆ ನಿಮ್ಮ ಊರಿನದೇ ಉದಾಹರಣೆ ಕೊಡುತ್ತೇನೆ. ಲಿವರ್‌ಮೋರ್‌ನಿಂದ ಕೋಲಿಂಗಾ ಬಳಿಯ ಹ್ಯಾರಿಸ್ ರ್‍ಯಾಂಚ್‌ಗೆ ಹೋಗುವುದು ಬೇ ಏರಿಯಾ ವಿದ್ಯಾರ್ಥಿಗಳಿಗೆ ಪರಿಚಿತ ಪ್ರವಾಸ. ಎರಡು ನಿಲ್ದಾಣಗಳ ಹೆಸರು ಒತ್ತಿದರೆ ಫೋರ್‌ಫ್ಲೈಟ್ ಸುಮಾರು 115 ನಾಟಿಕಲ್ ಮೈಲಿಯ ನೇರ ಗುಲಾಬಿ ಗೆರೆ ಎಳೆಯುತ್ತದೆ. ಆ ಗೆರೆಯ ಮೊದಲರ್ಧ ಡಯಾಬ್ಲೊ ಬೆಟ್ಟಸಾಲಿನ ಮೇಲೆ ಹಾಯುತ್ತದೆ. ಅಲ್ಲಿ ಎಂಜಿನ್ ನಿಂತರೆ ಇಳಿಯಲು ಕಣಿವೆ, ಕುರುಚಲು, ಇಳಿಜಾರು ಬಿಟ್ಟು ಹೆಚ್ಚೇನಿಲ್ಲ. 172 ಪ್ರತಿ 1,000 ಅಡಿ ಎತ್ತರಕ್ಕೆ ಒಂದೂವರೆ ನಾಟಿಕಲ್ ಮೈಲಿಯಷ್ಟು ಮಾತ್ರ ತೇಲಬಲ್ಲದು. ಅದರ ಬದಲು ಆಲ್ಟಮಾಂಟ್ ಕಣಿವೆಯ ಗಾಳಿಯಂತ್ರಗಳ ಮೇಲಿಂದ ಟ್ರೇಸಿ ಕಡೆ ಹೋಗಿ, ಅಲ್ಲಿಂದ ಇಂಟರ್‌ಸ್ಟೇಟ್ 5 ಮತ್ತು ಅದರ ಪಕ್ಕದ ಕ್ಯಾಲಿಫೋರ್ನಿಯಾ ಕಾಲುವೆಯನ್ನು ಹಿಡಿದು ದಕ್ಷಿಣಕ್ಕೆ ತಿರುಗಿದರೆ ಸುಮಾರು 7 ಮೈಲಿ ಹೆಚ್ಚಾಗುತ್ತದೆ, ಅಂದರೆ ನಾಲ್ಕೈದು ನಿಮಿಷ. ಆ ನಾಲ್ಕೈದು ನಿಮಿಷಕ್ಕೆ ಪ್ರತಿಯಾಗಿ ದಾರಿಯುದ್ದಕ್ಕೂ ಇಳಿಯಬಹುದಾದ ಬಯಲು ಸಿಗುತ್ತದೆ, ಬಲಗಡೆ ಸ್ಯಾನ್ ಲೂಯಿಸ್ ಜಲಾಶಯದಂಥ ತಪ್ಪಿಸಿಕೊಳ್ಳಲಾಗದ ಗುರುತು ಸಿಗುತ್ತದೆ, ಕೊನೆಯಲ್ಲಿ ಹೆದ್ದಾರಿಯ ಪಕ್ಕದ ವಿಶಾಲವಾದ ದನದ ದೊಡ್ಡಿ ನಿಲ್ದಾಣ ಹತ್ತಿರವಾಯಿತೆಂದು ಸಾರುತ್ತದೆ. ಆ ನಿಲ್ದಾಣದ ರನ್‌ವೇ 30 ಅಡಿ ಮಾತ್ರ ಅಗಲ. ಅಷ್ಟು ಕಿರಿದಾದ ಪಟ್ಟಿಯನ್ನು ನೋಡಿದಾಗ ಇನ್ನೂ ಎತ್ತರದಲ್ಲಿದ್ದೇವೆ ಎಂದು ಕಣ್ಣು ಮೋಸ ಮಾಡುತ್ತದೆ. ಈ ಅಗಲದ ಅಂಕಿಯನ್ನು ಮುಂಚಿತವಾಗಿ ಓದಿಕೊಳ್ಳುವುದಕ್ಕೆ ಟ್ಯಾಬ್ಲೆಟ್‌ನಷ್ಟು ಸುಲಭದ ಸಾಧನ ಇಲ್ಲ. ದಾರಿಯನ್ನು ನೀವೇ ಕಾಗದದ ನಕ್ಷೆಯ ಮೇಲೆ ಆರಿಸಿ, ಆಮೇಲೆ ಅದೇ ಗುರುತುಗಳನ್ನು ಆ್ಯಪ್‌ಗೆ ತುಂಬಿದರೆ ಎರಡರ ಲಾಭವೂ ನಿಮ್ಮದಾಗುತ್ತದೆ.

ನಿಮ್ಮ ಬೋಧಕರ ಹಟದ ಹಿಂದೆ ಪರೀಕ್ಷೆಯ ಲೆಕ್ಕಾಚಾರವೂ ಇದೆ. ಪರವಾನಗಿಯ ಪರೀಕ್ಷೆಗೆ ಟ್ಯಾಬ್ಲೆಟ್ ತರಬಹುದು, ಆದರೆ ಪರೀಕ್ಷಕರು ಅದು ಕೆಟ್ಟಿತೆಂದು ಹೇಳಿ ಎತ್ತಿಡಲು ಹೇಳುವುದು ಸಾಮಾನ್ಯ. ಆಗ ಗಡಿಯಾರ, ದಿಕ್ಸೂಚಿ, ಕಿಟಕಿ ಈ ಮೂರರಿಂದಲೇ ದಾರಿಯ ಗುರುತುಗಳನ್ನು ನೀವು ಅಂದಾಜಿಸಿದ ಸಮಯದಿಂದ ಐದು ನಿಮಿಷದೊಳಗೆ ಮುಟ್ಟಬೇಕು, ದಿಕ್ಕು 15 ಡಿಗ್ರಿಯೊಳಗೆ, ಎತ್ತರ 200 ಅಡಿಯೊಳಗೆ ಇರಬೇಕು. ಇದಕ್ಕೆ ನಾನು ವಿದ್ಯಾರ್ಥಿಗಳಿಗೆ ಹೇಳುವ ಅಭ್ಯಾಸವೊಂದಿದೆ. ಟ್ಯಾಬ್ಲೆಟ್‌ನಲ್ಲಿ ಹಾದಿಯ ದಾಖಲೆ ಚಾಲೂ ಮಾಡಿ ಕಣ್ಣಿಗೆ ಕಾಣದಂತೆ, ಕೈಗೆ ಎಟಕುವಂತೆ ಸೀಟಿನ ಹಿಂದಿನ ಜೇಬಿನಲ್ಲಿಟ್ಟು, ಬೋಧಕರ ಜೊತೆಯಲ್ಲಿ ಕಾಗದ ನೋಡಿಕೊಂಡೇ ಹಾರಿ. ಪ್ರತಿ ಗುರುತಿನ ಮೇಲೆ ಹೊತ್ತು ಬರೆಯಿರಿ. ಇಳಿದ ಮೇಲೆ ಟ್ಯಾಬ್ಲೆಟ್‌ನ ಗೆರೆಯನ್ನೂ ನಿಮ್ಮ ಪೆನ್ಸಿಲ್ ಗೆರೆಯನ್ನೂ ಪಕ್ಕದಲ್ಲಿಟ್ಟು ನೋಡಿ. ಗಾಳಿ ನಿಮ್ಮನ್ನು ಎಲ್ಲಿ ತಳ್ಳಿತು, ಯಾವ ಊರನ್ನು ಬೇರೊಂದು ಊರೆಂದು ತಿಳಿದಿರಿ ಎಂಬುದೆಲ್ಲ ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಹಿಂದಿನ ತಲೆಮಾರಿನ ವಿದ್ಯಾರ್ಥಿಗಳಿಗೆ ಈ ಭಾಗ್ಯ ಇರಲಿಲ್ಲ.

ಹೊರಡುವ ಹಿಂದಿನ ರಾತ್ರಿಯ ಕೆಲಸ ಹೆಚ್ಚಿಲ್ಲ. ಎಫ್‌ಎಎ ದೃಶ್ಯ ನಕ್ಷೆಗಳನ್ನು 56 ದಿನಕ್ಕೊಮ್ಮೆ ಹೊಸದಾಗಿ ಹೊರಡಿಸುತ್ತದೆ, ಆದ್ದರಿಂದ ದತ್ತಾಂಶ ಚಾಲ್ತಿಯಲ್ಲಿದೆಯೇ ನೋಡಿ, ದಾರಿಗೆ ಬೇಕಾದದ್ದನ್ನೆಲ್ಲ ಪ್ಯಾಕ್ ಗುಂಡಿ ಒತ್ತಿ ಇಳಿಸಿಕೊಳ್ಳಿ, ಆಮೇಲೆ ವೈ-ಫೈ ಮತ್ತು ಮೊಬೈಲ್ ಸಂಪರ್ಕ ಎರಡನ್ನೂ ಆರಿಸಿ ನಕ್ಷೆಗಳು ತೆರೆಯುತ್ತವೆಯೇ ಪರೀಕ್ಷಿಸಿ. ಬ್ಯಾಟರಿ ಪೂರ್ತಿ ತುಂಬಿರಲಿ. ಆಪಲ್‌ನವರ ಹೊಸ ಆಪರೇಟಿಂಗ್ ಸಿಸ್ಟಂ ಬಂದಿದೆ ಎಂಬ ಸೂಚನೆ ಕಂಡರೆ ಆ ರಾತ್ರಿ ಮಾತ್ರ ಅದನ್ನು ಒಪ್ಪಿಕೊಳ್ಳಬೇಡಿ. ಬೆಳಗ್ಗೆ ತಾತ್ಕಾಲಿಕ ಹಾರಾಟ ನಿರ್ಬಂಧಗಳನ್ನು ಮತ್ತೊಮ್ಮೆ ನೋಡಿ. ಕಾಡ್ಗಿಚ್ಚಿನ ಕಾಲದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಅವು ಗಂಟೆಗಳ ಅಂತರದಲ್ಲಿ ಹುಟ್ಟಿಕೊಳ್ಳುತ್ತವೆ.

ಇನ್ನು ಜಕ್ಕೂರು. ಟ್ಯಾಬ್ಲೆಟ್‌ನ ಜಿಪಿಎಸ್ ಅಲ್ಲಿಯೂ ಕೆಲಸ ಮಾಡುತ್ತದೆ, ಅದರ ಸುತ್ತ ನೀವು ಕಟ್ಟಿಕೊಂಡ ಹೆಚ್ಚಿನದು ಮಾಡುವುದಿಲ್ಲ. ಎಫ್‌ಎಎ ಉಚಿತವಾಗಿ ಕೊಡುವ ನಕ್ಷೆಗಳು ಅಮೆರಿಕಕ್ಕೆ ಸೇರಿದವು; 978 ಮೆಗಾಹರ್ಟ್ಸ್‌ನ ಉಚಿತ ಹವಾಮಾನ ಪ್ರಸಾರವೂ ಅಮೆರಿಕದ್ದೇ. ಭಾರತದ ನಿಲ್ದಾಣ ಮತ್ತು ವಾಯುಪ್ರದೇಶದ ಮಾಹಿತಿಯನ್ನು ವಿಮಾನ ನಿಲ್ದಾಣ ಪ್ರಾಧಿಕಾರ ತನ್ನ ಎಲೆಕ್ಟ್ರಾನಿಕ್ ಎಐಪಿ ಎಂಬ ಅಧಿಕೃತ ಮಾಹಿತಿ ಸಂಪುಟದಲ್ಲಿ ಪ್ರಕಟಿಸುತ್ತದೆ, ಅದನ್ನು ಓದಿಕೊಂಡು ಬನ್ನಿ. ಜಕ್ಕೂರಿನ ಪಕ್ಕದಲ್ಲೇ ಯಲಹಂಕದ ವಾಯುಪಡೆ ನೆಲೆ ಇದೆ, ಸುತ್ತ ಬೆಂಗಳೂರಿನ ನಿಯಂತ್ರಿತ ವಾಯುಪ್ರದೇಶವಿದೆ. ಸ್ಥಳೀಯ ಹಾರಾಟದ ಆಚೆ ಹೋಗಬೇಕಾದರೆ ವಾಯು ರಕ್ಷಣಾ ಅನುಮತಿ ಸಂಖ್ಯೆಯೂ ಬೇಕು. ಲಿವರ್‌ಮೋರ್‌ನಲ್ಲಿ ಮಾಡುವಂತೆ ಪರದೆಯ ಮೇಲೆ ಗೆರೆ ಎಳೆದು ಹೊರಟುಬಿಡುವುದು ಅಲ್ಲಿ ಸಾಧ್ಯವಿಲ್ಲ, ಆದ್ದರಿಂದ ಮೊದಲ ಹಾರಾಟಗಳನ್ನು ಸ್ಥಳೀಯ ಬೋಧಕರೊಡನೆ ಮಾಡಿ. ನಿಮ್ಮ ಅಮೆರಿಕದ ಪರವಾನಗಿಯನ್ನು ಭಾರತದ ವಿಮಾನಯಾನ ನಿಯಂತ್ರಕ ಸಂಸ್ಥೆಯಾದ ಡಿಜಿಸಿಎ ಮಾನ್ಯ ಮಾಡಬೇಕು ಎಂಬುದು ಬೇರೆ ಮಾತು, ಅದಕ್ಕೆ ಸಮಯ ಹಿಡಿಯುತ್ತದೆ. ಕೊನೆಯದಾಗಿ, ಬೆಟ್ಟಗಳ ಮೇಲೆ ಹಾರುವ ಅನೇಕ ಕ್ಯಾಲಿಫೋರ್ನಿಯಾ ಪೈಲಟ್‌ಗಳಂತೆ ನೀವೂ ಟ್ಯಾಬ್ಲೆಟ್ ಚೀಲದಲ್ಲಿ ಉಪಗ್ರಹದ ಮೂಲಕ ಸಂದೇಶ ಕಳಿಸುವ ಗಾರ್ಮಿನ್ ಇನ್‌ರೀಚ್‌ನಂಥ ಸಾಧನ ಇಟ್ಟುಕೊಂಡಿದ್ದರೆ ಅದನ್ನು ಅಲ್ಲಿಯೇ ಬಿಟ್ಟು ಬನ್ನಿ. ಅನುಮತಿಯಿಲ್ಲದೆ ಅದನ್ನು ಭಾರತಕ್ಕೆ ತರುವಂತಿಲ್ಲ. ಗೊತ್ತಿಲ್ಲದೆ ತಂದು ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಸಿಕ್ಕಿ ಪೊಲೀಸ್ ಠಾಣೆ ಹತ್ತಿದ ಪ್ರಯಾಣಿಕರಿದ್ದಾರೆ.